ಹೈದರ್ ಅಲಿಯ ಕಬ್ಬಿಣದ ಕೊಳವೆ ಮತ್ತು ನಮ್ಮ ಸವಣೂರು

ನವೆಂಬರ್ ಬಂತೆಂದರೆ ನಮ್ಮ ರಾಜ್ಯದಲ್ಲಿ ಟಿಪ್ಪು ಜಗಳ ಶುರುವಾಗುತ್ತದೆ. 2015ರಲ್ಲಿ ಒಂದು ಸರ್ಕಾರ ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಜಗಳ ಮಾತ್ರ ನಿಲ್ಲಲಿಲ್ಲ. ಒಂದು ಕಡೆಯವರು ಟಿಪ್ಪುವನ್ನು ರಾಕೆಟ್‌ನ ಜನಕ ಅಂತ ಪೋಸ್ಟರ್ ಮಾಡಿ ಹಂಚುತ್ತಾರೆ, ಇನ್ನೊಂದು ಕಡೆಯವರು ಅದೂ ಕಟ್ಟುಕತೆ ಅಂತ ಉತ್ತರ ಕೊಡುತ್ತಾರೆ. ಈ ಗದ್ದಲದಲ್ಲಿ ಅಪ್ಪನ ಸುದ್ದಿ ಯಾರೂ ಎತ್ತುವುದಿಲ್ಲ. ಹೈದರ್ ಅಲಿಗೆ ಜಯಂತಿ ಇಲ್ಲ, ಪ್ರತಿಭಟನೆಯೂ ಇಲ್ಲ. ಆದರೆ ಆ ರಾಕೆಟ್‌ ಕತೆ ಶುರುವಾಗುವುದು ಆತನ ಮನೆಯಲ್ಲಿ. ಆತನ ರಾಜ್ಯದ ಕತೆಯ ಅರ್ಧ ನಡೆದದ್ದು ನಮ್ಮ ಊರುಗಳಲ್ಲಿ.

ನಮ್ಮ ಊರುಗಳು ಅಂದರೆ ಇಂದಿನ ಹಾವೇರಿ ಜಿಲ್ಲೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಹೊಟ್ಟೆ ಹೊರೆಯುತ್ತಿರುವುದು ಪತ್ರಿಕೋದ್ಯಮದಲ್ಲಿ. ಹಾಗಾಗಿ ಇತಿಹಾಸ ಓದುವಾಗಲೂ ನನ್ನ ಕಣ್ಣು ಮೊದಲು ಹೋಗುವುದು ಯಾರು ಯಾವ ಧರ್ಮದವರು ಅನ್ನುವುದರ ಕಡೆಗಲ್ಲ, ಯಾವ ವಸ್ತು ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದರ ಕಡೆಗೆ. ಹೈದರನ ಬದುಕಿಗೆ ಈ ದಾರಿಯಿಂದ ಹೋದರೆ ಬೇರೆಯದೇ ಮನುಷ್ಯ ಕಾಣುತ್ತಾನೆ.

ಮೊದಲು ಒಂದು ಸಣ್ಣ ಪಾಠ. ಬಂದೂಕಿನ ಹವ್ಯಾಸಿಗಳ ಲೋಕದಲ್ಲಿ ವೈಲ್ಡ್‌ಕ್ಯಾಟ್ ಅಂತ ಒಂದು ಮಾತಿದೆ. ಕಾರ್ಖಾನೆ ತಯಾರಿಸಿ ಮಾರುವ ಕಾಡತೂಸು ಬೇಡ, ನನಗೆ ಬೇಕಾದ್ದನ್ನು ನಾನೇ ಮಾಡಿಕೊಳ್ಳುತ್ತೇನೆ ಅನ್ನುವವರು ಹಿತ್ತಾಳೆಯ ಕೊಳವೆಯನ್ನು ಸೊನ್ನೆಯಿಂದ ಎರಕ ಹೊಯ್ಯುವುದಿಲ್ಲ. ಇರುವ ಕೊಳವೆಯೊಂದನ್ನು ಹಿಡಿದು ಅದರ ಬಾಯಿ ಕಿರಿದು ಮಾಡುತ್ತಾರೆ ಅಥವಾ ಹಿಗ್ಗಿಸುತ್ತಾರೆ, ಹೆಗಲಿನ ಕೋನ ಬದಲಿಸುತ್ತಾರೆ, ಬೇರೆ ಗುಂಡು ಕೂರಿಸುತ್ತಾರೆ. ಹಳೆಯ ಮೈ, ಹೊಸ ಸ್ವಭಾವ. ಅಮೆರಿಕದಲ್ಲಿ .250 ಸ್ಯಾವೇಜ್ ಅನ್ನುವ ಕೊಳವೆಯ ಬಾಯಿಯನ್ನು .22ಕ್ಕೆ ಇಳಿಸಿ ಹವ್ಯಾಸಿಗಳು ದಶಕಗಳ ಕಾಲ ಬಳಸಿದರು. 1965ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನೇ .22-250 ಅಂತ ಹೆಸರಿಟ್ಟು ಮಾರುಕಟ್ಟೆಗೆ ತಂದಿತು. ನಮ್ಮ ದೇಶಕ್ಕೂ ಈ ವಿದ್ಯೆಗೂ ನಂಟಿದೆ. 1907ರಲ್ಲಿ ಬ್ರಿಟಿಷರು ಬಂಡುಕೋರರ ಕೈಗೆ ಸಿಕ್ಕೀತೆಂದು ಹೆದರಿ .450 ಬೋರಿನ ಮದ್ದುಗುಂಡು ಭಾರತಕ್ಕೆ ಬರದಂತೆ ತಡೆದರು. ಕೂಡಲೇ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ .500ರ ಕೊಳವೆಯ ಬಾಯಿಯನ್ನು .465ಕ್ಕೆ ಕಿರಿದು ಮಾಡಿ, ಕಾನೂನಿನ ಪಕ್ಕದಲ್ಲೇ ನುಸುಳಿ, ನಮ್ಮ ರಾಜಮಹಾರಾಜರಿಗೆ ಆನೆ ಹುಲಿ ಹೊಡೆಯಲು ಕೊಟ್ಟಿತು. (ಇವತ್ತು ಭಾರತದಲ್ಲಿ ಪರವಾನಗಿ ಇಲ್ಲದೆ ಕಾಡತೂಸು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಯಾರೂ ಮನೆಯಲ್ಲಿ ಪ್ರಯತ್ನಿಸಬೇಡ್ರಪ್ಪ.)

ಈ ಕಸುಬಿನ ಒಳಗುಟ್ಟು ಒಂದೇ: ಒತ್ತಡ. ಮದ್ದು ಉರಿದಾಗ ಹುಟ್ಟುವ ಅನಿಲವನ್ನು ಕೊಳವೆ ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಎರಡನೇ ವರ್ಷದ ಇಂಜಿನಿಯರಿಂಗಿನಲ್ಲಿ ಇದಕ್ಕೊಂದು ಸೂತ್ರ ಕಲಿಸುತ್ತಾರೆ. ಒಳಗಿನ ಒತ್ತಡವನ್ನು ಕೊಳವೆಯ ತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸಿ. ಬರುವ ಸಂಖ್ಯೆ ಲೋಹದ ತಾಕತ್ತಿಗಿಂತ ಹೆಚ್ಚಾದರೆ ಕೊಳವೆ ಉದ್ದಕ್ಕೆ ಸೀಳುತ್ತದೆ. ಬಂದೂಕಿನ ಹಿತ್ತಾಳೆಗೆ ಸುತ್ತಲೂ ಉಕ್ಕಿನ ಆಸರೆ ಇರುತ್ತದೆ. ರಾಕೆಟ್‌ಗೆ ಆ ಭಾಗ್ಯ ಇಲ್ಲ. ಅದರ ಕೊಳವೆಯೇ ಕಾಡತೂಸು, ಕೊಳವೆಯೇ ಬಂದೂಕು. ಆಕಾಶದಲ್ಲಿ ಒಂಟಿಯಾಗಿ ಹಾರುತ್ತಾ ತನ್ನ ಒತ್ತಡವನ್ನು ತಾನೇ ತಡೆದುಕೊಳ್ಳಬೇಕು.

ಈಗ ಹೈದರನ ಮನೆಗೆ ಬರೋಣ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 1720ರ ಆಸುಪಾಸು ಹುಟ್ಟಿದವನು. ಅಪ್ಪ ಫತೇ ಮುಹಮ್ಮದ್ ಒಂದು ಕಾಲದಲ್ಲಿ ಆರ್ಕಾಟಿನ ನವಾಬನ ಸೈನ್ಯದಲ್ಲಿ 50 ಜನ ಬಾಣದವರ ನಾಯಕನಾಗಿದ್ದ. ಬಾಣ ಅಂದರೆ ಆಗ ರಾಕೆಟ್. ಬಿದಿರಿನ ಕೊಳವೆಗೆ ಮದ್ದು ತುಂಬಿ ಹಾರಿಸುತ್ತಿದ್ದರು, ಹೆಚ್ಚಾಗಿ ಸೈನ್ಯಕ್ಕೆ ಸನ್ನೆ ಕೊಡಲಿಕ್ಕೆ. ಅಂದರೆ ರಾಕೆಟ್‌ಗೆ ಹೈದರ್ ಜನಕನೂ ಅಲ್ಲ, ಟಿಪ್ಪು ಜನಕನೂ ಅಲ್ಲ. ಮೊಘಲರ ಬಳಿ ಇತ್ತು, ಮರಾಠರ ಬಳಿ ಇತ್ತು. ಅದಕ್ಕೂ ಮುಂಚೆ ಚೀನೀಯರ ಬಳಿ ಇತ್ತು. ಪೋಸ್ಟರ್ ಮಾಡುವವರು ಇದನ್ನು ಮೊದಲು ಒಪ್ಪಿಕೊಳ್ಳಬೇಕು.

ಫತೇ ಮುಹಮ್ಮದ್ ಮುಂದೆ ಶಿರಾ ನವಾಬರ ಚಾಕರಿಗೆ ಬಂದು ಅಲ್ಲಿಯ ಒಂದು ಕಾಳಗದಲ್ಲಿ ಸತ್ತ. ಮಕ್ಕಳು ಇನ್ನೂ ಸಣ್ಣವರು. ಅಪ್ಪ ಮಾಡಿದ ಸಾಲಕ್ಕೆಂದು ದೊಡ್ಡಬಳ್ಳಾಪುರದಲ್ಲಿ ಅಬ್ಬಾಸ್ ಕುಲಿ ಖಾನ್ ಅನ್ನುವವನು ಹೈದರನನ್ನೂ ಅಣ್ಣ ಶಹಬಾಜ್‌ನನ್ನೂ ನಗಾರಿಯೊಳಗೆ ಕೂಡಿ ಮೇಲಿಂದ ಬಾರಿಸಿ ಹಿಂಸೆ ಕೊಟ್ಟ ಎಂಬ ಕತೆ ಉಂಟು. ವರ್ಷಗಳ ನಂತರ ಹೈದರನ ಕುದುರೆಗಳು ಮದ್ರಾಸಿನ ಹತ್ತಿರ ಬಂದಾಗ, ಅಲ್ಲಿ ಅಡಗಿದ್ದ ಅದೇ ಅಬ್ಬಾಸ್ ಕುಲಿ ಖಾನ್ ಹೆದರಿ ಹಡಗು ಹತ್ತಿದ ಅಂತಲೂ ಹೇಳುತ್ತಾರೆ. ಕತೆ ಎಷ್ಟು ನಿಜವೋ, ಆ ಹುಡುಗ ನಗಾರಿಯ ಸದ್ದು ಮರೆಯಲಿಲ್ಲ ಅನ್ನುವುದು ಮಾತ್ರ ಅವನ ಮುಂದಿನ ಬದುಕಿನಲ್ಲಿ ಕಾಣುತ್ತದೆ.

ಶಾಲೆಗೆ ಹೋಗಲಿಲ್ಲ. ಓದು ಬರಹ ಕೊನೆಯವರೆಗೂ ಬರಲಿಲ್ಲ. ಸಹಿಗೆ ಬೇಕೆಂದು ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವೊಂದನ್ನು ಕಲಿತ, ಅದನ್ನೂ ತಿರುಗುಮುರುಗಾಗಿ ಬರೆಯುತ್ತಿದ್ದ. ಆದರೆ ಕನ್ನಡ, ತೆಲುಗು, ಮರಾಠಿ, ದಖ್ಖನಿ ಎಲ್ಲದರಲ್ಲೂ ಮಾತು ಸರಾಗ. ನೆನಪಿನ ಶಕ್ತಿ ಅಗಾಧ. ಅಂಕಗಳ ಮೇಲೆ ಮಕ್ಕಳನ್ನು ತೂಗುವ ನಮ್ಮ ಕಾಲದಲ್ಲಿ ಈತನಿಗೆ ಒಂದು ಇಂಟರ್ನ್‌ಶಿಪ್ಪೂ ಸಿಗುತ್ತಿರಲಿಲ್ಲ.

1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯ ದೇವನಹಳ್ಳಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಹೈದರ್ ಮೊದಲ ಸಲ ದೊಡ್ಡವರ ಕಣ್ಣಿಗೆ ಬಿದ್ದ. ತಿರುಚಿರಾಪಳ್ಳಿಯ ಯುದ್ಧದಲ್ಲಿ ಫ್ರೆಂಚರ, ಇಂಗ್ಲಿಷರ ಕವಾಯತು ನೋಡಿದ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದಾಗ ಆತ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಆಯುಧ ಕಾರ್ಖಾನೆ ಹಾಕಿದ್ದು. ಉಳಿದ ಸರದಾರರು ಆನೆ ಅಂಬಾರಿ ಕೊಳ್ಳುವ ವಯಸ್ಸಿನಲ್ಲಿ ಈತ ಕುಲುಮೆ ಕಟ್ಟುತ್ತಿದ್ದ.

ಬಾಣದ ಕೊಳವೆ ಬದಲಾಗಿದ್ದು ಆತನ ಕಾಲದಲ್ಲೇ. ಬಿದಿರು ಹೋಗಿ ಕಬ್ಬಿಣ ಬಂತು. ಬಡಿದು ಹದ ಮಾಡಿದ ಮೆತ್ತನೆಯ ಕಬ್ಬಿಣದ ತಗಡನ್ನು ಸುರುಳಿ ಸುತ್ತಿ ಬೆಸೆದ ಕೊಳವೆ. ಮದ್ದು ಅದೇ: ಪೆಟ್ಲುಪ್ಪು, ಇದ್ದಿಲು, ಗಂಧಕ. ಬಾಲಕ್ಕೆ ಕಟ್ಟುವ ಬಿದಿರೂ ಅದೇ. ಬದಲಾಗಿದ್ದು ಮೈ ಒಂದೇ. ಸೂತ್ರ ನೆನಪಿದೆಯಲ್ಲ? ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಆದ್ದರಿಂದ ಮದ್ದನ್ನು ಇನ್ನೂ ಬಿಗಿಯಾಗಿ ಜಡಿಯಬಹುದು. ಒತ್ತಡ ಹೆಚ್ಚಿದಷ್ಟೂ ಮದ್ದು ಬೇಗ ಉರಿಯುತ್ತದೆ, ಅನಿಲ ಜೋರಾಗಿ ಹೊರನುಗ್ಗುತ್ತದೆ. ಎರಕದ ಕಬ್ಬಿಣವಾಗಿದ್ದರೆ ಚೂರುಚೂರಾಗಿ ಹಾರಿಸುವವನನ್ನೇ ಕೊಲ್ಲುತ್ತಿತ್ತು. ಬಡಿದ ಮೆತುಕಬ್ಬಿಣಕ್ಕೆ ಬಾಗುವ ಗುಣ ಇದೆ. ಮೈಸೂರು ಸೀಮೆಯ ಕಮ್ಮಾರರಿಗೆ ಆ ಹದ ಗೊತ್ತಿತ್ತು. ಸನ್ನೆ ಕೊಡುವ ಬಾಣ ಹೀಗೆ ಎರಡು ಕಿಲೋಮೀಟರಿನಷ್ಟು ದೂರ ಹೋಗುವ ಆಯುಧವಾಯಿತು.

ಲಂಡನ್ನಿನ ವುಲ್‌ವಿಚ್‌ನಲ್ಲಿದ್ದ ಎರಡು ಮೈಸೂರು ಬಾಣಗಳ ಅಳತೆಯನ್ನು ನಮ್ಮ ವೈಮಾಂತರಿಕ್ಷ ವಿಜ್ಞಾನಿ ರೊದ್ದಂ ನರಸಿಂಹ ದಾಖಲಿಸಿದ್ದಾರೆ. ಒಂದು 58 ಮಿಲಿಮೀಟರ್ ದಪ್ಪ, 254 ಮಿ.ಮೀ. ಉದ್ದ, ಚರ್ಮದ ಪಟ್ಟಿಯಿಂದ ಒಂದು ಮೀಟರ್ ಉದ್ದದ ಕತ್ತಿಯ ಅಲಗಿಗೆ ಬಿಗಿದದ್ದು. ಇನ್ನೊಂದು 37 ಮಿ.ಮೀ. ದಪ್ಪ, 198 ಮಿ.ಮೀ. ಉದ್ದ, 1.9 ಮೀಟರ್ ಬಿದಿರಿಗೆ ಕಟ್ಟಿದ್ದು. ನರಸಿಂಹ ಅವರು 1985ರಲ್ಲೇ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಪ್ರಬಂಧ ಬರೆದಿದ್ದರು. ವಾಟ್ಸಾಪಿನಲ್ಲಿ ಜಗಳ ಮಾಡುವ ಎರಡೂ ಪಕ್ಷದವರು ಅದನ್ನು ಓದಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಬಾಣದಲ್ಲಿ ಹೈದರ್ ಮೈ ಬದಲಿಸಿ ಮದ್ದು ಉಳಿಸಿಕೊಂಡ. ರಾಜ್ಯದಲ್ಲಿ ಮಾಡಿದ್ದು ಸರಿಯಾಗಿ ಇದರ ಉಲ್ಟಾ. 1761ರಲ್ಲಿ, ತನ್ನದೇ ಹಳೆಯ ಗುಮಾಸ್ತ ಖಂಡೇರಾಯ ಹೂಡಿದ ಪಿತೂರಿಯಿಂದ ಜೀವ ಉಳಿಸಿಕೊಂಡು ಮರಳಿ ಬಂದು ಮೈಸೂರನ್ನು ಪೂರ್ತಿ ಕೈಗೆ ತೆಗೆದುಕೊಂಡ. ಖಂಡೇರಾಯನನ್ನು ಗಿಣಿಯಂತೆ ಸಾಕುತ್ತೇನೆ ಅಂತ ಅರಮನೆಯವರಿಗೆ ಮಾತು ಕೊಟ್ಟಿದ್ದನಂತೆ. ಮಾತಿಗೆ ತಪ್ಪಲಿಲ್ಲ, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿದ. ಆದರೆ ಸಿಂಹಾಸನದ ಮೇಲೆ ಕೂರಲಿಲ್ಲ. ಒಡೆಯರು ರಾಜರಾಗಿಯೇ ಉಳಿದರು, ದಸರೆಯಲ್ಲಿ ದರ್ಶನ ಕೊಟ್ಟರು, ಅಧಿಕಾರ ಮಾತ್ರ ಹೈದರನದು. ಹೊರಗಿನ ಕೊಳವೆ ಹಳೆಯದು, ಒಳಗಿನ ಮದ್ದು ಹೊಸದು. ಮಗ ಟಿಪ್ಪು ಈ ಜಾಣತನ ಬಿಟ್ಟು ತಾನೇ ಸುಲ್ತಾನ ಅಂದ. ಅಪ್ಪ ಮಗನ ನಡುವಿನ ದೊಡ್ಡ ವ್ಯತ್ಯಾಸ ನನಗೆ ಕಾಣುವುದು ಇಲ್ಲಿ.

ನಾಣ್ಯದಲ್ಲೂ ಅದೇ ಬುದ್ಧಿ. 1763ರಲ್ಲಿ ಹೈದರ್ ಬಿದನೂರು ಗೆದ್ದ. ಕೆಳದಿಯ ರಾಣಿ ವೀರಮ್ಮಾಜಿಯನ್ನು ಹಿಡಿದು ಮಧುಗಿರಿಯಲ್ಲಿ ಸೆರೆ ಇಟ್ಟ. ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ, ಅದೇ ಇಂದಿನ ನಗರ, ಹೊಸನಗರ ತಾಲೂಕಿನದು. ಅಲ್ಲಿ ಟಂಕಿಸಿದ ಚಿನ್ನದ ವರಹದ ಒಂದು ಮುಖದಲ್ಲಿ ಇಕ್ಕೇರಿ ನಾಯಕರ ಕಾಲದ ಶಿವ ಪಾರ್ವತಿಯರನ್ನು ಹಾಗೇ ಬಿಟ್ಟ. ಹಿಂಬದಿಯಲ್ಲಿ ತನ್ನ ಹೆಸರಿನ ಒಂದು ಅಕ್ಷರ ಮಾತ್ರ ಹಾಕಿದ. ಇದನ್ನು ಜಾತ್ಯತೀತತೆ ಅಂತ ಹೊಗಳುವವರಿದ್ದಾರೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ಪೇಟೆಯಲ್ಲಿ ಜನ ನಂಬಿದ ನಾಣ್ಯದ ಮೈಯನ್ನು ಯಾಕೆ ಕೆಡಿಸಬೇಕು? ಚಲಾವಣೆ ಮುಖ್ಯ.

ಆ ಬಿದನೂರಿನಿಂದ ಆತನ ಕಣ್ಣು ನೇರ ನಮ್ಮ ಕಡೆ ತಿರುಗಿತು. ನಗರದಿಂದ ಉತ್ತರಕ್ಕೆ ಬಂದರೆ ಸೊರಬ, ಆನವಟ್ಟಿ. ಆನವಟ್ಟಿ ದಾಟಿದರೆ ಹಾನಗಲ್ಲ. ಅಲ್ಲಿಂದ ಮುಂದೆ ಬಂಕಾಪುರದ ಕೋಟೆ, ಇಂದಿನ ಶಿಗ್ಗಾವಿ ತಾಲೂಕಿನದು, ಈಗ ಒಳಗೆ ನವಿಲುಧಾಮ ಇದೆ. ಅದರ ಪಕ್ಕದಲ್ಲೇ ಸವಣೂರು. ಮಲೆನಾಡಿನ ಅಂಚು ಮುಗಿದು ವರದಾ ನದಿಯ ಬಯಲು ಬಿಚ್ಚಿಕೊಳ್ಳುವ ಜಾಗ. ಜೋಳ, ಹತ್ತಿ, ಎಲೆಬಳ್ಳಿ. ಪುಣೆಯಿಂದ ದಕ್ಷಿಣಕ್ಕೆ ಬರುವವನಿಗೂ ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೋಗುವವನಿಗೂ ಇದೇ ದಾರಿ.

ಸವಣೂರಿನಲ್ಲಿ ಆಗ ನವಾಬ ಅಬ್ದುಲ್ ಹಕೀಂ ಖಾನ್, ಮಿಯಾನಾ ಪಠಾಣರ ಮನೆತನ. ಈತನ ಪಾಡು ನೋಡಿ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ಸವಣೂರಿಗೆ ಮುತ್ತಿಗೆ ಹಾಕಿದ. ಪೇಶ್ವೆಯ ಜೊತೆಗಿದ್ದವರು ಯಾರು? ಹೈದರಾಬಾದಿನ ನಿಜಾಮ ಮತ್ತು ಫ್ರೆಂಚ್ ಸೇನಾನಿ ಬುಸ್ಸಿ. ಕೋಟೆಯೊಳಗೆ ನವಾಬನ ಜೊತೆಗಿದ್ದವನು ಯಾರು? ಮರಾಠ ಸರದಾರ ಗುತ್ತಿಯ ಮುರಾರಿರಾವ್ ಘೋರ್ಪಡೆ. ಬುಸ್ಸಿಯ ಫಿರಂಗಿಗಳ ಮುಂದೆ ಕೋಟೆ ತಡೆಯಲಿಲ್ಲ, ನವಾಬ ಸೀಮೆ ಬಿಟ್ಟುಕೊಟ್ಟು ರಾಜಿಯಾದ. ಎಂಟು ವರ್ಷ ಆಗುವಷ್ಟರಲ್ಲಿ ಹೈದರ್ ಬಂದ. ಆಗ ನವಾಬ ಆಸರೆಗೆ ನೋಡಿದ್ದು ಅದೇ ಪೇಶ್ವೆಗಳ ಕಡೆ. ಹಿಂದೂ ಮುಸ್ಲಿಂ ಅನ್ನುವ ಎರಡು ಡಬ್ಬಿ ಇಟ್ಟುಕೊಂಡು ಈ ಕತೆ ತುಂಬಿಸಲು ಕೂತರೆ ಯಾವ ಡಬ್ಬಿಯ ಮುಚ್ಚಳವೂ ಕೂರುವುದಿಲ್ಲ. ಸವಣೂರಿನವರಿಗೆ ಇದು ಹೊಸ ಸಂಗತಿಯಲ್ಲ. ನಮ್ಮ ಕಡೆ ಟಿಪ್ಪು ಮೇಲಿನ ಭಾಷಣ ಮಾಡಲು ಹೊರಗಿನಿಂದ ಬರುವವರು ಮಾತ್ರ ಈ ಊರಿನ ಹೆಸರು ಎತ್ತದೇ ಹೋಗುತ್ತಾರೆ.

ಹೈದರನ ಪಡೆ ಸವಣೂರು ಸೀಮೆಯನ್ನು ತುಳಿದು ಧಾರವಾಡದ ತನಕ ಹೋಯಿತು. ಸುದ್ದಿ ಪುಣೆಗೆ ಮುಟ್ಟಿ 1764ರಲ್ಲಿ ಪೇಶ್ವೆ ಮಾಧವರಾವ್ ಖುದ್ದಾಗಿ ಇಳಿದು ಬಂದ. ವಯಸ್ಸು 19. ಎದುರಿಗೆ ನಲವತ್ತು ದಾಟಿದ, ಯುದ್ಧದಲ್ಲಿ ಪಳಗಿದ ಹೈದರ್. ಮುಖಾಮುಖಿಯಾಗಿದ್ದು ರಟ್ಟೀಹಳ್ಳಿಯಲ್ಲಿ, ತೀರಾ ಇತ್ತೀಚಿನವರೆಗೂ ಹಿರೇಕೆರೂರು ತಾಲೂಕಿನಲ್ಲೇ ಇದ್ದ ಊರು, ಈಗ ತಾನೇ ತಾಲೂಕು. ಮರಾಠ ಕುದುರೆಗಳು ಹೈದರನನ್ನು ಸುತ್ತುವರಿದವು. ಆತ ಬಹಳ ಜನರನ್ನು ಕಳೆದುಕೊಂಡು ಪಾಳೆಯಕ್ಕೆ ಹಿಂದೆ ಸರಿದ, ನಂತರ ಆನವಟ್ಟಿಯ ಕಡೆಯೂ ಪೆಟ್ಟು ತಿಂದು ಬಿದನೂರಿನ ಕಾಡು ಸೇರಿದ. ಮರುವರ್ಷದ ಒಪ್ಪಂದದಲ್ಲಿ ಸವಣೂರು ನವಾಬನ ಸೀಮೆ ವಾಪಸ್ ಕೊಟ್ಟು, ಪೇಶ್ವೆಗೆ ಲಕ್ಷಗಟ್ಟಲೆ ರೂಪಾಯಿ ಕಪ್ಪ ಒಪ್ಪಿಕೊಂಡ. ಒಂದು ಆಯುಧದಿಂದ ಸಾಮ್ರಾಜ್ಯ ಹುಟ್ಟುತ್ತದೆ ಅನ್ನುವ ಭ್ರಮೆ ಇರುವವರು ಒಮ್ಮೆ ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಯ ಮುಂದೆ ನಿಂತು ಯೋಚಿಸಬೇಕು.

ಈ ಸೋಲಿನಿಂದ ಹೈದರ್ ಕಲಿತ ಪಾಠ ಕ್ರೂರವಾದದ್ದು. 1767ರಲ್ಲಿ ಮಾಧವರಾವ್ ಮತ್ತೆ ಬಂದಾಗ, ಆತ ಬರುವ ದಾರಿಯ ಕೆರೆ ಏರಿಗಳನ್ನು ಒಡೆಸಿದ, ಮೇವು ಸುಡಿಸಿದ, ಬಾವಿಗೆ ವಿಷ ಹಾಕಿಸಿದ. ಅದು ಶಿರಾ ಕಡೆಯ ಮಾತು, ನಮ್ಮದಲ್ಲ. ಆದರೂ ಹಿರೇಕೆರೂರು ಅಂತ ಹೆಸರಲ್ಲೇ ಕೆರೆ ಇಟ್ಟುಕೊಂಡ ಸೀಮೆಯವನಿಗೆ ಇದನ್ನು ಓದಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಏರಿ ಒಡೆಯಲು ಒಂದು ರಾತ್ರಿ ಸಾಕು, ಕಟ್ಟಲು ಒಂದು ತಲೆಮಾರು ಬೇಕು. ಹೈದರನನ್ನು ವಸಾಹತುಶಾಹಿ ವಿರೋಧಿ ಅಂತ ಹೊಗಳುವ ನನ್ನ ಗೆಳೆಯರು ಈ ಪುಟವನ್ನು ಹಾರಿಸಿ ಓದುತ್ತಾರೆ.

ಇಂಗ್ಲಿಷರನ್ನು ಆತ ನಡುಗಿಸಿದ್ದು ನಿಜ. 1769ರಲ್ಲಿ ಮದ್ರಾಸಿನ ಬಾಗಿಲಿಗೇ ಹೋಗಿ ಒಪ್ಪಂದ ಬರೆಸಿಕೊಂಡ. ಆ ಒಪ್ಪಂದದ ಪ್ರಕಾರ ಮರಾಠರು ಮೇಲೆ ಬಿದ್ದಾಗ ಕಂಪನಿ ನೆರವಿಗೆ ಬರಬೇಕಿತ್ತು, ಬರಲಿಲ್ಲ. ಆ ಸಿಟ್ಟು ಆತ ಸಾಯುವ ತನಕ ಆರಲಿಲ್ಲ. 1772ರಲ್ಲಿ ಮಾಧವರಾವ್ 27ರ ಹರೆಯದಲ್ಲೇ ಕ್ಷಯದಿಂದ ಸತ್ತಾಗ ಹೈದರನಿಗೆ ದಾರಿ ತೆರೆಯಿತು. ಪುಣೆಯಲ್ಲಿ ಗಾದಿಯ ಜಗಳ, ಇತ್ತ ಹೈದರ್ ಒಂದೊಂದಾಗಿ ಕಳೆದದ್ದನ್ನು ಹಿಂಪಡೆದ. 1776ರಲ್ಲಿ ಬಂಕಾಪುರ, ಸವಣೂರು ಮತ್ತೆ ಅವನ ಕೈಗೆ ಬಂದವು. 1777ರ ಶುರುವಿನಲ್ಲಿ ಶಿಗ್ಗಾವಿಯ ಮಗ್ಗುಲಲ್ಲೇ ಇರುವ, ಕುಂದಗೋಳ ತಾಲೂಕಿನ ಸಂಶಿಯಲ್ಲಿ ಹೈದರನ ಸೇನಾನಿ ಮುಹಮ್ಮದ್ ಅಲಿ ಪಟವರ್ಧನರ ಸೈನ್ಯವನ್ನು ಮುರಿದ. ರಟ್ಟೀಹಳ್ಳಿಯ ಬಾಕಿ ತೀರಿತು.

1779ರಲ್ಲಿ ಎರಡು ಘಟನೆ ನಡೆದವು. ಚಿತ್ರದುರ್ಗ ಬಿತ್ತು, ಮದಕರಿ ನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅದೇ ವರ್ಷ ಸವಣೂರಿನ ಜೊತೆ ಹೈದರ್ ಬೀಗತನ ಬೆಳೆಸಿದ. ತನ್ನ ಮಗಳನ್ನು ನವಾಬನ ಹಿರಿಯ ಮಗನಿಗೆ ಕೊಟ್ಟ, ನವಾಬನ ಮಗಳನ್ನು ತನ್ನ ಎರಡನೇ ಮಗ ಕರೀಮನಿಗೆ ತಂದುಕೊಂಡ. ಜೊತೆಗೆ ಕಸಿದ ಸೀಮೆಯಲ್ಲಿ ಅರ್ಧ ವಾಪಸ್, ಅದಕ್ಕೆ ಬದಲಾಗಿ ನವಾಬ 2000 ಪಠಾಣ ಕುದುರೆ ಸವಾರರನ್ನು ಹೈದರನ ಚಾಕರಿಗೆ ಇಡಬೇಕು. ಸವಣೂರನ್ನು ಆತ ಕೆಡವಲಿಲ್ಲ, ಹೊರಮೈ ಹಾಗೇ ಇಟ್ಟು ಒಳಗೆ ತನ್ನ ಮದ್ದು ತುಂಬಿಕೊಂಡ. ಮದುವೆಯಾದ ಆ ಎರಡು ಹೆಣ್ಣುಮಕ್ಕಳ ಹೆಸರನ್ನು ಇತಿಹಾಸದ ಪುಸ್ತಕಗಳಲ್ಲಿ ಹುಡುಕಿ ನೋಡಿ, ಕುದುರೆಗಳ ಲೆಕ್ಕ ಮೊದಲು ಸಿಗುತ್ತದೆ.

ಮರುವರ್ಷ, 1780ರ ಸೆಪ್ಟೆಂಬರ್ 10ರಂದು ಕಾಂಚಿಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಸರ್ವನಾಶವಾಯಿತು. ಬೈಲಿಯ ಮದ್ದಿನ ಬಂಡಿಗಳು ಸಿಡಿದದ್ದು ಆ ದಿನದ ತಿರುವು. ಸಿಡಿಸಿದ್ದು ಬಾಣವೋ ಫಿರಂಗಿಯೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ಆ ಸಿಡಿತ ಇವತ್ತಿಗೂ ಚಿತ್ರವಾಗಿ ಇದೆ, ನೋಡಿ ಬನ್ನಿ.

ಬಾಣದ ಮುಂದಿನ ಪಯಣ ಹೈದರ್ ಕಾಣಲಿಲ್ಲ. ಆತನ ಕಾಲದಲ್ಲಿ ಸುಮಾರು 1200 ಜನ ಇದ್ದ ಬಾಣದ ಪಡೆಯನ್ನು ಟಿಪ್ಪು 5000ಕ್ಕೆ ಏರಿಸಿದ ಅಂತ ಪುಸ್ತಕಗಳು ಲೆಕ್ಕ ಕೊಡುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳವೆಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು. ವುಲ್‌ವಿಚ್‌ನ ವಿಲಿಯಂ ಕಾಂಗ್ರೀವ್ 1804ರಿಂದ ರಾಕೆಟ್ ಕೆಲಸ ಹಿಡಿದ. ಇರುವ ಮೈ ಹಿಡಿದು ತನಗೆ ಬೇಕಾದಂತೆ ಬೆಳೆಸುವ ಕೆಲಸ, ಪಕ್ಕಾ ವೈಲ್ಡ್‌ಕ್ಯಾಟ್. 20 ಸೆಂಟಿಮೀಟರಿನ ಕೊಳವೆ ಅವನ ಕೈಯಲ್ಲಿ ಒಂದು ಮೀಟರ್ ದಾಟಿತು, ಬಾಲದ ಕೋಲು ನಾಲ್ಕೂವರೆ ಮೀಟರ್ ಆಯಿತು. ಪಕ್ಕಕ್ಕೆ ಕಟ್ಟುತ್ತಿದ್ದ ಆ ಕೋಲನ್ನು 1815ರಲ್ಲಿ ನಟ್ಟ ನಡುವಿಗೆ ತಂದ. 1807ರಲ್ಲಿ ಕೋಪನ್‌ಹೇಗನ್ ಉರಿಯಿತು. 1814ರಲ್ಲಿ ಬಾಲ್ಟಿಮೋರ್ ಕೋಟೆಯ ಮೇಲೆ ಬಿದ್ದ ರಾಕೆಟ್‌ಗಳ ಕೆಂಬೆಳಕು ಅಮೆರಿಕದ ರಾಷ್ಟ್ರಗೀತೆಯೊಳಗೇ ಸೇರಿಕೊಂಡಿತು. ಹೆಸರು ನಿಂತದ್ದು ಕಾಂಗ್ರೀವ್‌ನದು. ಬಡಿದ ಕಮ್ಮಾರರ ಹೆಸರು ಬ್ರಿಟಿಷರೂ ಬರೆಯಲಿಲ್ಲ, ಹೈದರನ ದಫ್ತರವೂ ಬರೆಯಲಿಲ್ಲ.

ಅವರ ಕೈಕೆಲಸ ಮಾತ್ರ ಉಳಿದಿದೆ. 2018ರ ಜುಲೈನಲ್ಲಿ ನಗರದ ಪಾಳು ಬಾವಿಯೊಂದರಲ್ಲಿ ಪುರಾತತ್ವ ಇಲಾಖೆಯವರಿಗೆ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. 23ರಿಂದ 26 ಸೆಂಟಿಮೀಟರ್ ಉದ್ದ, ಒಳಗೆ ಮದ್ದು ಇನ್ನೂ ಇತ್ತು. ಆಗ ಬಂದ ವರದಿಗಳಲ್ಲಿ ಮದ್ದಿನೊಳಗೆ ಮೆಗ್ನೀಸಿಯಂ ಪುಡಿ ಇತ್ತು ಅಂತ ಬರೆದಿದ್ದರು. ಮೆಗ್ನೀಸಿಯಂ ಲೋಹವನ್ನು ಹಂಫ್ರಿ ಡೇವಿ ಮೊದಲ ಸಲ ಬೇರ್ಪಡಿಸಿದ್ದು 1808ರಲ್ಲಿ, ಹೈದರ್ ಸತ್ತು 26 ವರ್ಷಕ್ಕೆ, ಟಿಪ್ಪು ಸತ್ತು ಒಂಬತ್ತು ವರ್ಷಕ್ಕೆ. ಒಬ್ಬ ವರದಿಗಾರ ಬರೆದದ್ದನ್ನು ಉಳಿದವರು ಹಾಗೇ ಇಳಿಸಿಕೊಂಡರೆ ಹೀಗಾಗುತ್ತದೆ. ಕೊಳವೆಗಳು ಈಗ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯ ಸೇರಿವೆ. ನಮ್ಮ ಹಿರೇಕೆರೂರಿನಿಂದ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ನೋಡಬಹುದು.

ಹೈದರನ ಕೊನೆ ಗುಡಾರದಲ್ಲಿ ಆಯಿತು. ಬೆನ್ನಿನ ಮೇಲೆ ಎದ್ದ ಹುಣ್ಣು ವಾಸಿಯಾಗದೆ 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಸತ್ತ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಅವನು ಬರುವ ತನಕ ಸಾವನ್ನು ಗುಟ್ಟಾಗಿಟ್ಟರು, ಹೆಣವನ್ನು ಖಜಾನೆಯ ಪೆಟ್ಟಿಗೆ ಸಾಗಿಸುವಂತೆ ಕೋಲಾರಕ್ಕೆ ಕಳಿಸಿದರು. ಮುಂದೆ ಅಲ್ಲಿಂದ ಶ್ರೀರಂಗಪಟ್ಟಣದ ಗುಂಬಜ್‌ಗೆ. ಒಡೆಯರ ಹೆಸರಿನಲ್ಲಿ ರಾಜ್ಯ ನಡೆಸಿದವನ ಸಾವಿನ ಸುದ್ದಿಯೂ ಬೇರೊಂದು ಹೊದಿಕೆಯಡಿಯೇ ಪಯಣಿಸಿತು.

ಹೈದರ್ ಸತ್ತ ಮೇಲೆ ಬೀಗತನ ನಾಲ್ಕು ವರ್ಷವೂ ತಾಳಲಿಲ್ಲ. ಟಿಪ್ಪು ಸವಣೂರಿನಿಂದ ಬಾಕಿ ಹಣ ಕೇಳಿದ, ಅಬ್ದುಲ್ ಹಕೀಂ ಖಾನ್ ಮರಾಠರ ಕಡೆ ವಾಲಿದ. 1786ರ ಮಳೆಗಾಲದಲ್ಲಿ ತುಂಬಿ ಹರಿಯುತ್ತಿದ್ದ ತುಂಗಭದ್ರೆಯನ್ನು ದಾಟಿ ಟಿಪ್ಪು ಬಂದ. ಸವಣೂರಿನ ಮುಂದೆ ಬೀಡುಬಿಟ್ಟಿದ್ದ ಹರಿಪಂತ ಫಡಕೆಯ ಮರಾಠ ಸೈನ್ಯ ಹಿಂದೆ ಸರಿಯಿತು, ಅವರ ಜೊತೆಯಲ್ಲೇ ನವಾಬನೂ ಊರು ಬಿಟ್ಟ. ಅಕ್ಟೋಬರಿನಲ್ಲಿ ಟಿಪ್ಪು ಸವಣೂರು ಹೊಕ್ಕ. ಏಳು ವರ್ಷದ ಹಿಂದೆ ತನ್ನ ಅಪ್ಪ ಹೆಣ್ಣು ಕೊಟ್ಟ ಊರು, ಅಂದರೆ ತಂಗಿಯ ಅತ್ತೆಮನೆ.

ಆ ಚಿಕ್ಕ ಸಂಸ್ಥಾನ ಅಲ್ಲಿಗೂ ಸಾಯಲಿಲ್ಲ. ಪೇಶ್ವೆಗಳ ಕೃಪೆಯಲ್ಲಿ, ಆಮೇಲೆ ಇಂಗ್ಲಿಷರ ಕೃಪೆಯಲ್ಲಿ, ಕೆಲವೇ ಊರುಗಳ ನವಾಬಿಯಾಗಿ ಕುಂಟುತ್ತಾ ಉಳಿಯಿತು. 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅಷ್ಟರಲ್ಲಿ ಹೈದರನ ಶ್ರೀರಂಗಪಟ್ಟಣ ಬಿದ್ದು 149 ವರ್ಷ ಆಗಿತ್ತು.